ಹದಗೆಟ್ಟ ಸೆಕ್ಯುರಿಟೈಸೇಶನ್ ವ್ಯವಹಾರ: ವ್ಯಾಜ್ಯಗಳನ್ನೂ ದಿನನಿತ್ಯದ ತೊಡಕುಗಳನ್ನೂ ನಿಭಾಯಿಸುವ ಬಗೆ

ಸೆಕ್ಯುರಿಟೈಸೇಶನ್ ಎಂದರೆ ಸಾಲಗಳ ಗುಂಪನ್ನು ವಿಶೇಷ ಉದ್ದೇಶದ ಸಂಸ್ಥೆಯೊಂದಕ್ಕೆ ಮಾರಿ, ಅವುಗಳ ಕಂತುಗಳ ಆಧಾರದ ಮೇಲೆ ಹೂಡಿಕೆದಾರರಿಗೆ ಸಾಲಪತ್ರ ಹೊರಡಿಸುವುದು. ಅಂಥ ವ್ಯವಹಾರ ಹದಗೆಟ್ಟು ಅದರ ಕಡತ ಕೈಗೆ ಬಂದಾಗ ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಮುಂದಿನ ಪಾವತಿಯ ದಿನಾಂಕ. ಸಾಮಾನ್ಯ ಸಾಲದ ವ್ಯಾಜ್ಯದಲ್ಲಿ ಸಾಲಗಾರನು ಹಣ ಕಟ್ಟುವುದನ್ನು ನಿಲ್ಲಿಸಿದರೆ ಸಾಲ ಕೊಟ್ಟವರಿಗೆ ಕುಳಿತು ಯೋಚಿಸಲು ಸ್ವಲ್ಪ ಅವಕಾಶವಿರುತ್ತದೆ. ಇಲ್ಲಿ ಸಾವಿರಾರು ಸಾಲಗಾರರ ಕಂತುಗಳು ವಿಶೇಷ ಉದ್ದೇಶದ ಸಂಸ್ಥೆಯೊಂದರ ಖಾತೆಗೆ ಬಂದು ಬೀಳುತ್ತಲೇ ಇರುತ್ತವೆ. ಪ್ರತಿ ತಿಂಗಳು ಅಥವಾ ಪ್ರತಿ ತ್ರೈಮಾಸಿಕ ಆ ಹಣವನ್ನು ಒಪ್ಪಂದದಲ್ಲಿ ಬರೆದ ಆದ್ಯತೆಯ ಕ್ರಮದಲ್ಲಿ ಹಂಚಲೇಬೇಕು. ಆ ಕ್ರಮದ ಬಗ್ಗೆಯೇ ವಿವಾದ ಎದ್ದಿದ್ದರೂ ದಿನಾಂಕ ಮುಂದಕ್ಕೆ ಹೋಗುವುದಿಲ್ಲ. ಒಮ್ಮೆ ಹಂಚಿದ ಹಣವನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ, ಏಕೆಂದರೆ ಅಷ್ಟರಲ್ಲಿ ಸಾಲಪತ್ರಗಳು ಕೈ ಬದಲಾಯಿಸಿರುತ್ತವೆ. ಆದ್ದರಿಂದ ಯಾರ ತಪ್ಪು ಎಂಬ ಚರ್ಚೆಗೆ ಇಳಿಯುವ ಮುನ್ನವೇ, ಯಾವ ನಿರ್ಧಾರವನ್ನು ಯಾರು, ಯಾವ ದಿನದೊಳಗೆ, ಯಾರ ಖರ್ಚಿನಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಹೂಡಿಕೆದಾರರ ಪರವಾಗಿ, ಟ್ರಸ್ಟಿಯ (ಹೂಡಿಕೆದಾರರಿಗಾಗಿ ಭದ್ರತೆಯನ್ನು ಹಿಡಿದಿರುವವರ) ಪರವಾಗಿ ಅಥವಾ ಸರ್ವಿಸರ್ (ಕಂತುಗಳನ್ನು ವಸೂಲಿ ಮಾಡಿಕೊಡುವ ಸಂಸ್ಥೆ) ಪರವಾಗಿ ಇಂಥ ಕಡತವನ್ನು ಮೊದಲ ಬಾರಿ ಹಿಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದೆ.

ದಾಖಲೆಗಳನ್ನು ಒಟ್ಟಾಗಿ ಓದುವುದು

ಸಾಲಗಳ ಮಾರಾಟ ಒಪ್ಪಂದ, ಸರ್ವಿಸಿಂಗ್ ಒಪ್ಪಂದ, ಟ್ರಸ್ಟ್ ಡೀಡ್, ಸಾಲಪತ್ರದ ಷರತ್ತುಗಳು, ಭದ್ರತಾ ದಸ್ತಾವೇಜು, ನಗದು ನಿರ್ವಹಣೆಯ ಒಪ್ಪಂದ, ಸ್ವಾಪ್ ಒಪ್ಪಂದ (ಬಡ್ಡಿ ಅಥವಾ ಕರೆನ್ಸಿಯ ಏರಿಳಿತದ ಅಪಾಯವನ್ನು ಬ್ಯಾಂಕೊಂದಕ್ಕೆ ವರ್ಗಾಯಿಸುವಂಥದ್ದು), ವ್ಯಾಖ್ಯೆಗಳ ಪಟ್ಟಿ: ಇಷ್ಟೂ ಮೇಜಿನ ಮೇಲೆ ಇರಬೇಕು, ಅದೂ ಸಹಿಯಾದ ಪ್ರತಿಗಳು ಮತ್ತು ನಂತರದ ಎಲ್ಲ ತಿದ್ದುಪಡಿಗಳೊಂದಿಗೆ. ಹೂಡಿಕೆದಾರರ ಬಳಿ ಸಾಮಾನ್ಯವಾಗಿ ಇರುವುದು ಕೊಡುಗೆ ಪತ್ರ ಮಾತ್ರ. ಅದು ಒಪ್ಪಂದಗಳ ಸಾರಾಂಶವೇ ಹೊರತು ಒಪ್ಪಂದವಲ್ಲ. ಎರಡರ ನಡುವೆ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಒಪ್ಪಂದದ ಮಾತೇ ನಿಲ್ಲುತ್ತದೆ. ಯುರೋಪಿನ ವ್ಯವಹಾರವಾದರೆ 2019ರ ಜನವರಿ 1ರಿಂದ ಅನ್ವಯವಾಗುತ್ತಿರುವ ಸೆಕ್ಯುರಿಟೈಸೇಶನ್ ನಿಯಮಾವಳಿಯು ಮೂಲ ದಾಖಲೆಗಳನ್ನೂ ಸಾಲವಾರು ಮಾಹಿತಿಯನ್ನೂ ಹೂಡಿಕೆದಾರರಿಗೆ ಒದಗಿಸುವ ಹೊಣೆಯನ್ನು ವಿಧಿಸುತ್ತದೆ. ಅದಕ್ಕಿಂತ ಹಳೆಯ ವ್ಯವಹಾರಗಳಲ್ಲಿ ದಾಖಲೆಗಳನ್ನು ಟ್ರಸ್ಟಿಯ ಕಚೇರಿಯಲ್ಲಿ ಪರಿಶೀಲಿಸುವ ಹಕ್ಕು ಷರತ್ತುಗಳಲ್ಲಿಯೇ ಇರುವುದುಂಟು; ಅದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಒಂದೇ ವಾಕ್ಯವನ್ನು ಎತ್ತಿಕೊಂಡು ಅದರ ಮೇಲೆ ವಾದ ಕಟ್ಟುವುದು ಈ ಕ್ಷೇತ್ರದಲ್ಲಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಸಿಗ್ಮಾ ಫೈನಾನ್ಸ್ ಪ್ರಕರಣ ಒಳ್ಳೆಯ ಸಾಕ್ಷಿ. 2008ರಲ್ಲಿ ಕುಸಿದ ಆ ಹೂಡಿಕೆ ಸಂಸ್ಥೆಯ ಭದ್ರತಾ ದಸ್ತಾವೇಜಿನಲ್ಲಿ, ಆಸ್ತಿಗಳನ್ನು ನಗದಾಗಿಸಲು ಕೊಟ್ಟ 60 ದಿನಗಳ ಅವಧಿಯಲ್ಲಿ ಬಾಕಿಯಾಗುವ ಅಲ್ಪಾವಧಿ ಸಾಲಗಳನ್ನು ಸಾಧ್ಯವಾದ ಮಟ್ಟಿಗೆ ಅವುಗಳ ಗಡುವಿನಂದೇ ತೀರಿಸಬೇಕು ಎಂಬ ಮಾತಿತ್ತು. ಆಸ್ತಿ ಎಲ್ಲರಿಗೂ ಸಾಲದಿದ್ದಾಗ, ಆ ಅವಧಿಯಲ್ಲಿ ಗಡುವು ಬಂದವರು ‘ನಮಗೆ ಮೊದಲು ಕೊಡಿ’ ಎಂದರು. ಕೆಳಗಿನ ಎರಡು ನ್ಯಾಯಾಲಯಗಳು ಅವರ ಪರವಾಗಿ ನಿಂತವು. 2009ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಬಹುಮತದಿಂದ ಅದನ್ನು ತಳ್ಳಿಹಾಕಿತು. ದಸ್ತಾವೇಜು ಒಂದೇ ದರ್ಜೆಯ ಎಲ್ಲ ಸಾಲದಾತರನ್ನು ಸಮಾನವಾಗಿ ಕಾಣುವ ಉದ್ದೇಶದಿಂದ ರಚಿತವಾಗಿರುವಾಗ, ಗಡುವಿನ ದಿನಾಂಕ ಎಂಬ ಆಕಸ್ಮಿಕ ಸಂಗತಿಯ ಆಧಾರದಲ್ಲಿ ಕೆಲವರಿಗೆ ಎಲ್ಲವನ್ನೂ ಕೊಟ್ಟು ಉಳಿದವರಿಗೆ ಏನನ್ನೂ ಉಳಿಸದಿರುವ ಅರ್ಥವನ್ನು ಒಂದು ವಾಕ್ಯಕ್ಕೆ ಹಚ್ಚಲಾಗದು ಎಂಬುದು ಅದರ ನಿಲುವು. ಓದುವಾಗ ಅನುಸರಿಸಬೇಕಾದ ಕ್ರಮವೂ ಇಲ್ಲಿಂದಲೇ ಸಿಗುತ್ತದೆ: ಮೊದಲು ಹಣ ಹರಿಯುವ ದಾರಿಯನ್ನು ಆದಿಯಿಂದ ಅಂತ್ಯದವರೆಗೆ ಚಿತ್ರವಾಗಿ ಬರೆದುಕೊಳ್ಳಿ, ಆಮೇಲೆ ವಿವಾದಿತ ವಾಕ್ಯಕ್ಕೆ ಬನ್ನಿ.

ಆದ್ಯತೆಯ ಕ್ರಮಗಳು ಹೆಚ್ಚಿನ ವ್ಯವಹಾರಗಳಲ್ಲಿ ಒಂದಕ್ಕಿಂತ ಹೆಚ್ಚು ಇರುತ್ತವೆ. ಸುಸ್ತಿಯ ನೋಟಿಸ್‌ಗೆ ಮುಂಚೆ ಒಂದು, ಅದರ ನಂತರ ಇನ್ನೊಂದು. ಮೊದಲನೆಯದರಲ್ಲಿ ಕೆಳದರ್ಜೆಯ ಸಾಲಪತ್ರಗಳಿಗೂ ಬಡ್ಡಿ ಸಿಗುತ್ತಿರುತ್ತದೆ. ಎರಡನೆಯದರಲ್ಲಿ ಮೇಲ್ದರ್ಜೆಯವರ ಅಸಲು ಪೂರ್ತಿ ತೀರುವ ತನಕ ಕೆಳಗಿನವರಿಗೆ ಒಂದು ಪೈಸೆಯೂ ಇಳಿಯುವುದಿಲ್ಲ. ಸುಸ್ತಿಯ ಘಟನೆ ನಡೆದಿದೆಯೇ ಇಲ್ಲವೇ ಎಂಬ ಜಗಳ ಇಷ್ಟು ತೀವ್ರವಾಗಲು ಇದೇ ಕಾರಣ.

ಈ ವಿಷಯದಲ್ಲಿ ಯೂರೋಸೇಲ್ ಪ್ರಕರಣವನ್ನು ಬಲ್ಲದೆ ಮುಂದುವರಿಯಬಾರದು. ಬ್ರಿಟನ್ನಿನ ಗೃಹಸಾಲಗಳ ಆಧಾರದ ಮೇಲೆ ನಿಂತ ಆ ವ್ಯವಹಾರದಲ್ಲಿ ಸಾಲಪತ್ರಗಳು ಯೂರೋ ಮತ್ತು ಡಾಲರ್‌ನಲ್ಲಿಯೂ ಇದ್ದವು. 2008ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೀಮನ್ ಸಮೂಹದ ಕುಸಿತದಿಂದ ಕರೆನ್ಸಿ ಸ್ವಾಪ್ ಇಲ್ಲವಾಯಿತು, ಪೌಂಡ್ ಇಳಿಯಿತು, ಲೆಕ್ಕಪತ್ರದಲ್ಲಿ ಹೊಣೆಗಳು ಆಸ್ತಿಗಳನ್ನು ಮೀರಿದವು. ಕಂಪನಿ ತನ್ನ ಸಾಲ ತೀರಿಸಲು ಅಶಕ್ತವಾಗಿದೆ, ಹಾಗಾಗಿ ಸುಸ್ತಿಯ ಘಟನೆ ನಡೆದಿದೆ ಎಂದು ಒಂದು ವರ್ಗ ವಾದಿಸಿತು. ಆದರೆ ಬಡ್ಡಿ ನಿಯತವಾಗಿ ಸಂದಾಯವಾಗುತ್ತಿತ್ತು, ಸಾಲಪತ್ರಗಳ ಅಂತಿಮ ಗಡುವು 2045. 2013ರಲ್ಲಿ ಸುಪ್ರೀಂ ಕೋರ್ಟ್, ಅಷ್ಟು ದೂರದ ಗಡುವಿನ ಹೊಣೆಯನ್ನು ಇಂದಿನ ವಿನಿಮಯ ದರದಲ್ಲಿ ಲೆಕ್ಕಹಾಕಿ ಇಂದೇ ದಿವಾಳಿಯೆಂದು ಹೇಳಲಾಗದು ಎಂದು ತೀರ್ಮಾನಿಸಿತು. ಆದ್ದರಿಂದ ಆಸ್ತಿ-ಹೊಣೆ ಪಟ್ಟಿಯ ಕೊರತೆಯೊಂದನ್ನೇ ಹಿಡಿದು ನೋಟಿಸ್ ಕೊಡಲು ಹೊರಡುವವರು ನಿಲ್ಲಬೇಕು. ಬಡ್ಡಿ ತಪ್ಪಿದೆಯೇ, ಘೋಷಣೆಯ ಉಲ್ಲಂಘನೆ ಸರಿಪಡಿಸಲಾಗದ್ದೇ, ನಗದಿನ ಹರಿವು ಮುಂದಿನ ವರ್ಷಗಳಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು.

ನಿರ್ಧಾರ ಯಾರದು

ನನ್ನ ಅನುಭವದಲ್ಲಿ ಅತಿ ಹೆಚ್ಚು ಸಮಯ ವ್ಯರ್ಥವಾಗುವುದು ಇಲ್ಲಿ. ವಿಶೇಷ ಉದ್ದೇಶದ ಸಂಸ್ಥೆಗೆ ತನ್ನದೇ ನೌಕರರಿಲ್ಲ. ಅದರ ನಿರ್ದೇಶಕರು ಸೇವಾ ಕಂಪನಿಯೊಂದು ಒದಗಿಸಿದವರು. ಸರ್ವಿಸರ್ ಸಾಲಗಳನ್ನು ನೋಡಿಕೊಳ್ಳುತ್ತದೆ, ನಗದು ವ್ಯವಸ್ಥಾಪಕರು ಲೆಕ್ಕ ಹಾಕುತ್ತಾರೆ, ಟ್ರಸ್ಟಿ ಭದ್ರತೆಯನ್ನು ಹಿಡಿದಿರುತ್ತಾರೆ. ಪ್ರತಿಯೊಬ್ಬರ ಒಪ್ಪಂದವೂ ತಮ್ಮ ವಿವೇಚನೆಯನ್ನು ಆದಷ್ಟು ಕಿರಿದಾಗಿಸಿಕೊಂಡೇ ಬರೆದದ್ದು. ಹೀಗಾಗಿ ಅನಿರೀಕ್ಷಿತ ಪ್ರಶ್ನೆ ಎದ್ದಾಗ ಎಲ್ಲರೂ ಪಕ್ಕದವರ ಕಡೆ ನೋಡುತ್ತಾರೆ.

ಟ್ರಸ್ಟಿಯನ್ನು ದೂರುವುದು ಸುಲಭ, ಆದರೆ ಅವರ ಸ್ಥಿತಿಯನ್ನು ಅರಿತರೆ ಕೆಲಸ ಬೇಗ ಆಗುತ್ತದೆ. ಅವರಿಗೆ ಸಿಗುವ ವಾರ್ಷಿಕ ಶುಲ್ಕ ಸಣ್ಣದು, ತಪ್ಪು ನಿರ್ಧಾರದ ಹೊಣೆ ದೊಡ್ಡದು. ಆದ್ದರಿಂದ ನಿಗದಿತ ಪ್ರಮಾಣದ ಸಾಲಪತ್ರದಾರರ ಲಿಖಿತ ನಿರ್ದೇಶನವೂ ತೃಪ್ತಿಕರವಾದ ನಷ್ಟಭರ್ತಿಯೂ (ಮುಂದೆ ನಷ್ಟವಾದರೆ ತುಂಬಿಕೊಡುವ ಭರವಸೆ) ಇಲ್ಲದೆ ಅವರು ಮುಂದುವರಿಯುವುದಿಲ್ಲ. ಈ ಪ್ರಮಾಣ ಹಲವು ವ್ಯವಹಾರಗಳಲ್ಲಿ ಶೇ. 25 ಇರುತ್ತದೆ. ನಷ್ಟಭರ್ತಿ ಎಷ್ಟು ಎಂಬುದೇ ಒಂದು ವಿವಾದವಾಗಬಹುದು. 2005ರ ಕಾನ್‌ಕಾರ್ಡ್ ಟ್ರಸ್ಟ್ ಪ್ರಕರಣ ಬಾಂಡ್‌ಗಳಿಗೆ ಸಂಬಂಧಿಸಿದ್ದಾದರೂ ಇಲ್ಲಿಗೂ ಹೊಂದುತ್ತದೆ: ಸಾಲವನ್ನು ಒಟ್ಟಿಗೆ ವಾಪಸು ಕೇಳುವ ನೋಟಿಸ್ ಅಸಿಂಧುವಾದರೆ ಕಂಪನಿ ತನ್ನ ಮೇಲೆ ಭಾರಿ ಪರಿಹಾರದ ದಾವೆ ಹೂಡೀತು ಎಂಬ ಭಯದಿಂದ ಟ್ರಸ್ಟಿ ದೊಡ್ಡ ಮೊತ್ತದ ನಷ್ಟಭರ್ತಿ ಕೇಳಿದ್ದರು. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅಂಥ ಅಪಾಯ ನೈಜವಲ್ಲ ಎಂದು ಕಂಡು, ಕಲ್ಪಿತ ಅಪಾಯಕ್ಕೆ ನಷ್ಟಭರ್ತಿ ಕೇಳಲಾಗದು ಎಂದಿತು. ನೀವು ಹೂಡಿಕೆದಾರರ ಪರವಾಗಿದ್ದರೆ, ಟ್ರಸ್ಟಿ ಹೆಸರಿಸುವ ಪ್ರತಿಯೊಂದು ಅಪಾಯವನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ, ಪ್ರತಿಯೊಂದಕ್ಕೂ ಮೊತ್ತ ಮತ್ತು ಅವಧಿಯ ಮಿತಿ ಹಾಕಿ ಉತ್ತರಿಸಿ. ಒಟ್ಟಾರೆ ನಷ್ಟಭರ್ತಿಗೆ ಸಹಿ ಹಾಕುವ ನಿಧಿಗಳು ವಿರಳ. ನಿಯಂತ್ರಿತ ನಿಧಿಗಳಿಗೆ ಅದು ಕಾನೂನಿನಿಂದಲೇ ಸಾಧ್ಯವಾಗದಿರಬಹುದು.

ಶೇ. 25 ತಲುಪಲು ಉಳಿದ ಸಾಲಪತ್ರದಾರರು ಯಾರು ಎಂದು ತಿಳಿಯಬೇಕಲ್ಲವೇ? ಸಾಲಪತ್ರಗಳು ಒಂದೇ ಜಾಗತಿಕ ಪತ್ರವಾಗಿ ಯೂರೋಕ್ಲಿಯರ್, ಕ್ಲಿಯರ್‌ಸ್ಟ್ರೀಮ್ ಅಥವಾ ಡಿಟಿಸಿ ಎಂಬ ಕ್ಲಿಯರಿಂಗ್ ಸಂಸ್ಥೆಗಳ ಪರವಾಗಿ ಇರಿಸಲ್ಪಟ್ಟಿರುತ್ತವೆ, ಕಾನೂನಿನ ದೃಷ್ಟಿಯಲ್ಲಿ ಒಡೆಯರು ಅವರ ನಾಮಿನಿ. ನಿಜವಾದ ಹೂಡಿಕೆದಾರರು, ಅವರ ಪರವಾಗಿ ಸಾಲಪತ್ರ ಇರಿಸಿಕೊಳ್ಳುವ ಕಸ್ಟೋಡಿಯನ್‌ಗಳ ಸರಪಳಿಯ ಕೊನೆಯಲ್ಲಿ ಕಾಣದಂತೆ ಇರುತ್ತಾರೆ. ಆದ್ದರಿಂದ ಎರಡು ಕೆಲಸಗಳನ್ನು ಮೊದಲ ವಾರದಲ್ಲೇ ಆರಂಭಿಸಬೇಕು. ನಿಮ್ಮ ಹಿಡುವಳಿಯನ್ನು ದೃಢೀಕರಿಸುವ ಪತ್ರವನ್ನು ಕಸ್ಟೋಡಿಯನ್ ಮೂಲಕ ತರಿಸಿಕೊಳ್ಳಿ; ಕ್ಲಿಯರಿಂಗ್ ವ್ಯವಸ್ಥೆಯ ಮೂಲಕ ಎಲ್ಲರಿಗೂ ನೋಟಿಸ್ ಹೋಗುವಂತೆ ಟ್ರಸ್ಟಿಯನ್ನು ಕೇಳಿ, ಅದರಲ್ಲಿ ಆಸಕ್ತರು ಮುಂದೆ ಬರಲು ಸಂಪರ್ಕದ ದಾರಿ ಕೊಡಿ. ದಾವೆ ಹೂಡಬೇಕಾಗಿ ಬಂದಾಗ ಜಾಗತಿಕ ಪತ್ರದ ನೋಂದಾಯಿತ ಒಡೆಯನ ಅನುಮತಿ ಪತ್ರ ಇಲ್ಲವೆಂದು ಮೊಕದ್ದಮೆ ಬಾಗಿಲಲ್ಲೇ ಎಡವುವುದುಂಟು. ಖಾಸಗಿಯಾಗಿ ಮಾತುಕತೆಗೆ ಕೂರುವವರು ಗೋಪ್ಯ ಮಾಹಿತಿ ಪಡೆದರೆ ಆ ಅವಧಿಯಲ್ಲಿ ಸಾಲಪತ್ರಗಳ ವ್ಯಾಪಾರ ಮಾಡುವಂತಿಲ್ಲ ಎಂಬುದನ್ನೂ ಮುಂಚೆಯೇ ತಿಳಿಸಬೇಕು. ಅನೇಕ ನಿಧಿಗಳು ಈ ಒಂದೇ ಕಾರಣಕ್ಕೆ ಹಿಂದೆ ಸರಿಯುತ್ತವೆ.

ನಿಯಂತ್ರಕ ವರ್ಗ, ಅಂದರೆ ನಿರ್ದೇಶನ ಕೊಡುವ ಹಕ್ಕುಳ್ಳ ಸಾಲಪತ್ರದಾರರ ವರ್ಗ, ಯಾವುದು ಎಂಬ ಪ್ರಶ್ನೆ ಇನ್ನೊಂದು ಗಂಟು. ವಾಣಿಜ್ಯ ಅಡಮಾನ ವ್ಯವಹಾರಗಳಲ್ಲಿ ಅತ್ಯಂತ ಕೆಳಗಿನ, ಆದರೆ ಇನ್ನೂ ಮೌಲ್ಯ ಉಳಿದಿರುವ ವರ್ಗಕ್ಕೆ ವಿಶೇಷ ಸರ್ವಿಸರ್ (ಸುಸ್ತಿ ಸಾಲಗಳನ್ನು ನೋಡಿಕೊಳ್ಳುವವರು) ಅನ್ನು ಬದಲಾಯಿಸುವ ಹಕ್ಕು ಇರುವುದುಂಟು. ಆಸ್ತಿಯ ಹೊಸ ಮೌಲ್ಯಮಾಪನ ಬಂದೊಡನೆ ಆ ಹಕ್ಕು ಮೇಲಿನ ವರ್ಗಕ್ಕೆ ಜಿಗಿಯುತ್ತದೆ, ಹಾಗಾಗಿ ಮೌಲ್ಯಮಾಪಕರನ್ನು ಯಾರು ನೇಮಿಸುತ್ತಾರೆ ಎಂಬುದೇ ಯುದ್ಧಭೂಮಿಯಾಗುತ್ತದೆ. ನಿಯಂತ್ರಕರ ನಿರ್ದೇಶನವನ್ನು ಟ್ರಸ್ಟಿ ಪಾಲಿಸಲೇಬೇಕೆಂದು ಒಪ್ಪಂದ ಹೇಳಿದರೆ ನ್ಯಾಯಾಲಯಗಳು ಅದನ್ನು ಸಾಮಾನ್ಯವಾಗಿ ಎತ್ತಿಹಿಡಿಯುತ್ತವೆ. ಬ್ರಿಟನ್-ಫ್ರಾನ್ಸ್ ಸುರಂಗ ರೈಲುಮಾರ್ಗದ ಕಂಪನಿ ಯೂರೋಟನಲ್ ಸಾಲದ ಪುನಾರಚನೆಗೆ ಸಂಬಂಧಿಸಿ ಸಿಟಿಬ್ಯಾಂಕ್ ಮತ್ತು ಬಾಂಡ್ ವಿಮಾ ಕಂಪನಿ ಎಂಬಿಐಎ ನಡುವಿನ 2007ರ ತೀರ್ಪಿನಲ್ಲಿ, ಬೇರೊಬ್ಬ ಸಾಲಪತ್ರದಾರರ ಆಕ್ಷೇಪ ಇದ್ದರೂ ಟ್ರಸ್ಟಿ ನಿಯಂತ್ರಕ ಪಕ್ಷದ ನಿರ್ದೇಶನದಂತೆ ನಡೆಯಬಹುದು, ಅದರಿಂದ ಟ್ರಸ್ಟಿತ್ವದ ತಿರುಳು ನಾಶವಾಗುವುದಿಲ್ಲ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಅಲ್ಪಸಂಖ್ಯಾತ ಹೂಡಿಕೆದಾರರು ನ್ಯಾಯದ ಭಾವನೆಯನ್ನು ನೆಚ್ಚಿ ಕೂರುವ ಬದಲು, ತಮ್ಮ ಒಪ್ಪಿಗೆಯಿಲ್ಲದೆ ಬದಲಾಯಿಸಲಾಗದ ವಿಷಯಗಳ ಪಟ್ಟಿಯನ್ನು ಷರತ್ತುಗಳಲ್ಲಿ ಹುಡುಕಿಕೊಳ್ಳಬೇಕು.

ಟ್ರಸ್ಟಿಗೆ ನಿಜವಾಗಿಯೂ ಎರಡು ಅರ್ಥಗಳ ನಡುವೆ ಸಿಕ್ಕಿಬಿದ್ದಂತಾದರೆ ಉತ್ತಮ ದಾರಿ ನ್ಯಾಯಾಲಯದ ನಿರ್ದೇಶನ ಕೇಳುವುದು. ಇಂಗ್ಲೆಂಡಿನಲ್ಲಿ ಅದಕ್ಕೆ ಸಿವಿಲ್ ಕಾರ್ಯವಿಧಾನ ನಿಯಮಗಳ 8ನೇ ಭಾಗದ ಅರ್ಜಿ ಇದೆ, ನ್ಯೂಯಾರ್ಕಿನಲ್ಲಿ 77ನೇ ವಿಧಿಯ ಪ್ರಕ್ರಿಯೆ ಇದೆ. ವಿವಾದಿತ ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿ ಇರಿಸಿ, ವಿವಾದವಿಲ್ಲದ ಭಾಗವನ್ನು ಹಂಚಿ, ಉಳಿದದ್ದಕ್ಕೆ ನಿರ್ದೇಶನ ಕೇಳುವುದು ಎಲ್ಲರಿಗೂ ಕ್ಷೇಮ. ಆದರೆ ಹೀಗೆ ತಡೆಹಿಡಿಯುವುದೇ ಮೇಲ್ದರ್ಜೆಯವರ ಬಡ್ಡಿ ತಪ್ಪುವಂತೆ ಮಾಡಿದರೆ ಸುಸ್ತಿಯ ಘಟನೆಯನ್ನು ಟ್ರಸ್ಟಿ ತಾವೇ ಸೃಷ್ಟಿಸಿದಂತಾಗುತ್ತದೆ. ಖಾತೆ ತೆರೆಯುವ ಮುನ್ನ ಈ ಲೆಕ್ಕ ಹಾಕಲೇಬೇಕು.

ಸಾಲಗಳು ನಿಜಕ್ಕೂ ಯಾರವು

ಮೂಲ ಸಾಲದಾತ ದಿವಾಳಿಯಾದರೂ ಮಾರಿದ ಸಾಲಗಳು ಹೂಡಿಕೆದಾರರಿಗಾಗಿ ಸುರಕ್ಷಿತವಾಗಿರುತ್ತವೆ ಎಂಬ ನಂಬಿಕೆಯೇ ಈ ಇಡೀ ವ್ಯವಸ್ಥೆಯ ಬುನಾದಿ. ಅದು ಅಲುಗಾಡಿದ ಸಂದರ್ಭಗಳು ಕಡಿಮೆ, ಆದರೆ ಇವೆ. 2000ದ ಕೊನೆಯಲ್ಲಿ ಅಮೆರಿಕದ ಎಲ್‌ಟಿವಿ ಸ್ಟೀಲ್ ಪ್ರಕರಣದಲ್ಲಿ, ಸೆಕ್ಯುರಿಟೈಸ್ ಮಾಡಿದ ಬಾಕಿ ವಸೂಲಿಯ ಹಣವನ್ನು ಕಂಪನಿ ದಿನನಿತ್ಯದ ಕೆಲಸಕ್ಕೆ ಬಳಸಲು ಒಹಾಯೋದ ದಿವಾಳಿ ನ್ಯಾಯಾಲಯ ಮಧ್ಯಂತರ ಅನುಮತಿ ನೀಡಿತ್ತು. ಅದನ್ನು ಬದಲಿಸಿಕೊಳ್ಳಲು ಹೂಡಿಕೆದಾರ ಬ್ಯಾಂಕು ಸಲ್ಲಿಸಿದ ಅರ್ಜಿಯನ್ನು, ಆ ಆಸ್ತಿಯಲ್ಲಿ ಕಂಪನಿಗೆ ಕನಿಷ್ಠ ಒಂದಿಷ್ಟು ಹಕ್ಕು ಉಳಿದಿದೆ ಎಂಬ ಕಾರಣಕ್ಕೆ ಅದು 2001ರಲ್ಲಿ ತಿರಸ್ಕರಿಸಿತು. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿದರೂ, ನಡುವಿನ ತಿಂಗಳುಗಳಲ್ಲಿ ಹಣ ಕೈಯಲ್ಲಿರಲಿಲ್ಲ. ಭಾರತದಲ್ಲಿ 2019ರಲ್ಲಿ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ ಪಾವತಿಗಳ ಮೇಲೆ ಬಾಂಬೆ ಹೈಕೋರ್ಟ್ ವಿಧಿಸಿದ ತಡೆ, ಕಂಪನಿ ಈಗಾಗಲೇ ಮಾರಿಬಿಟ್ಟಿದ್ದ ಸಾಲಗಳ ಹೂಡಿಕೆದಾರರ ಪಾವತಿಯನ್ನೂ ನಿಲ್ಲಿಸಿತು. ಆ ಹಣ ಕಂಪನಿಯದ್ದಲ್ಲ, ಕಂಪನಿ ಕೇವಲ ವಸೂಲಿ ಮಾಡಿಕೊಡುವ ಸರ್ವಿಸರ್ ಎಂಬುದನ್ನು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟ ಮೇಲಷ್ಟೇ ದಾರಿ ತೆರೆಯಿತು.

ಈ ಎರಡರಿಂದಲೂ ಹೊರಡುವ ಕೆಲಸ ಒಂದೇ. ಮಾರಾಟದ ಮೇಲೆ ಅನುಮಾನ ಹುಟ್ಟಿಸುವ ಅಂಶಗಳನ್ನು, ಅಂದರೆ ಮಾರಿದವರೇ ನಷ್ಟ ಭರಿಸುವ ಭರವಸೆ, ಮನಬಂದಂತೆ ಮರುಖರೀದಿಸುವ ಹಕ್ಕು, ಮಾರುಕಟ್ಟೆಗೆ ಹೊಂದದ ಬೆಲೆ, ವಸೂಲಿಯನ್ನು ತಮ್ಮ ಖಾತೆಯಲ್ಲಿ ಬೆರೆಸಿಕೊಳ್ಳುವ ಅವಕಾಶ ಇಂಥವನ್ನು, ಮೂಲ ಸಾಲದಾತರು ಇನ್ನೂ ಗಟ್ಟಿಯಾಗಿರುವಾಗಲೇ ಗುರುತಿಸಿ ಕಾನೂನು ಅಭಿಪ್ರಾಯ ಪಡೆಯಿರಿ. ತೊಂದರೆಯ ಮೊದಲ ಸೂಚನೆಯಲ್ಲೇ ವಸೂಲಿಯು ಪ್ರತಿದಿನ ಪ್ರತ್ಯೇಕ ಖಾತೆಗೆ ಹೋಗುವಂತೆ ಮಾಡಿ. ಒಮ್ಮೆ ಬೆರೆತ ಹಣವನ್ನು ಬೇರ್ಪಡಿಸಲು ಕಾನೂನಿನಲ್ಲಿ ದಾರಿ ಇದೆ, ಆದರೆ ಅದು ಬ್ಯಾಂಕ್ ಹೇಳಿಕೆಗಳನ್ನು ಸಾಲುಸಾಲಾಗಿ ಜೋಡಿಸುವ ದೀರ್ಘ ಪರಿಶ್ರಮ.

ಪ್ರತಿಯೊಂದು ಸಾಲದ ಕಾಗದಪತ್ರದ ಕೊಂಡಿಯೂ ಇಷ್ಟೇ ಮುಖ್ಯ. 2011ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯ, ಟ್ರಸ್ಟಿಗಳಾಗಿದ್ದ ಎರಡು ಬ್ಯಾಂಕುಗಳು ನಡೆಸಿದ್ದ ಮನೆ ಹರಾಜುಗಳನ್ನು ಅಸಿಂಧುವೆಂದಿತು. ನೋಟಿಸ್ ಕೊಟ್ಟು ಮಾರಾಟ ನಡೆಸಿದ ಕಾಲಕ್ಕೆ ಅಡಮಾನ ತಮ್ಮ ಹೆಸರಿಗೆ ವರ್ಗವಾಗಿತ್ತೆಂದು ಅವು ತೋರಿಸಲಾಗಲಿಲ್ಲ. ಹೆಸರು ತುಂಬದೆ ಬಿಟ್ಟ ವರ್ಗಾವಣೆ ಪತ್ರ ಸಾಕಾಗಲಿಲ್ಲ. ವಸೂಲಾತಿಗೆ ಹೊರಡುವ ಮುನ್ನ ಮೂಲ ಸಾಲದಾತರಿಂದ ಇಂದಿನ ಟ್ರಸ್ಟಿಯವರೆಗಿನ ಪ್ರತಿ ಕೊಂಡಿಯನ್ನು ಪರೀಕ್ಷಿಸಿ, ತಪ್ಪಿದ ಕಡೆ ಸರಿಪಡಿಸಿಕೊಳ್ಳುವುದು ಬೇಸರದ ಕೆಲಸವೇ ಸರಿ. ಆದರೆ ಇನ್ನೊಂದು ತುದಿಯಲ್ಲಿ ಒಂದು ಕುಟುಂಬದ ಮನೆ ಇದೆ ಎಂಬುದನ್ನು ನೆನಪಿಟ್ಟುಕೊಂಡರೆ ನ್ಯಾಯಾಲಯಗಳ ಈ ಕಟ್ಟುನಿಟ್ಟು ಸರಿಯೆಂದೇ ತೋರುತ್ತದೆ.

ಖಾತರಿಗಳ ಉಲ್ಲಂಘನೆ ಮತ್ತು ಕಾಲಮಿತಿ

ಸಾಲಗಳ ಗುಣಮಟ್ಟದ ಬಗ್ಗೆ ಮಾರಾಟಗಾರರು ಕೊಟ್ಟ ಖಾತರಿಗಳು ಸುಳ್ಳಾದರೆ ಅವರು ಸಾಲವನ್ನು ಮರುಖರೀದಿಸಬೇಕೆಂಬ ಷರತ್ತು ಬಹುತೇಕ ಎಲ್ಲ ವ್ಯವಹಾರಗಳಲ್ಲೂ ಇದೆ. ಮೋಸ ಹೋದೆವೆಂದು ಗೊತ್ತಾದ ದಿನದಿಂದ ಕಾಲ ಎಣಿಸಿದವರು ಇಲ್ಲಿ ದೊಡ್ಡ ಬೆಲೆ ತೆತ್ತಿದ್ದಾರೆ. ಏಸ್ ಸೆಕ್ಯುರಿಟೀಸ್ ಪ್ರಕರಣದಲ್ಲಿ ಖಾತರಿಗಳನ್ನು ಕೊಟ್ಟದ್ದು 2006ರ ಮಾರ್ಚ್ 28ರಂದು. ಇಬ್ಬರು ಹೂಡಿಕೆದಾರರು ಮೊಕದ್ದಮೆ ಆರಂಭಿಸಿದ್ದು 2012ರ ಮಾರ್ಚ್ 28ರಂದು, ಅಂದರೆ ಆರು ವರ್ಷದ ಕಟ್ಟಕಡೆಯ ದಿನ. ಆದರೆ ಉಲ್ಲಂಘನೆ ಸರಿಪಡಿಸಲು ಮಾರಾಟಗಾರರಿಗೆ ಕೊಡಬೇಕಾದ 60 ಮತ್ತು 90 ದಿನಗಳ ಅವಧಿ ಅಂದಿಗೆ ಮುಗಿದಿರಲಿಲ್ಲ. 2015ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ, ಖಾತರಿ ಸುಳ್ಳಾಗಿದ್ದರೆ ಅದು ಕೊಟ್ಟ ದಿನವೇ ಸುಳ್ಳಾಯಿತು, ಕಾಲಮಿತಿ ಅಂದಿನಿಂದಲೇ ಓಡುತ್ತದೆ, ಮರುಖರೀದಿಗೆ ನಿರಾಕರಿಸಿದ್ದು ಹೊಸ ಉಲ್ಲಂಘನೆಯಲ್ಲ ಎಂದು ತೀರ್ಪಿತ್ತಿತು. ಮೊಕದ್ದಮೆ ಬಿತ್ತು.

ಆದ್ದರಿಂದ ವ್ಯವಹಾರ ಕುದುರಿ ಖಾತರಿಗಳನ್ನು ಕೊಟ್ಟ ದಿನದಿಂದ ಕಾಲಮಿತಿ ಮುಗಿಯುವ ದಿನವನ್ನು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ. ಅನ್ವಯಿಸುವ ಕಾಲಮಿತಿಯಿಂದ ಸರಿಪಡಿಸುವ ಅವಧಿಯನ್ನು ಕಳೆಯಿರಿ, ಅದರಿಂದ ಸಾಲಪತ್ರದಾರರನ್ನು ಒಟ್ಟುಗೂಡಿಸಲು ಬೇಕಾದ ಸಮಯವನ್ನು ಕಳೆಯಿರಿ, ಮತ್ತೆ ಕಡತ ಪರಿಶೀಲನೆಗೆ ಬೇಕಾದ ತಿಂಗಳುಗಳನ್ನು ಕಳೆಯಿರಿ. ಉಳಿಯುವುದು ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಎದುರು ಪಕ್ಷ ಮಾತುಕತೆಗೆ ಬಂದರೆ ಕಾಲಮಿತಿಯ ಓಟ ನಿಲ್ಲಿಸುವ ಲಿಖಿತ ಒಪ್ಪಂದವಿಲ್ಲದೆ ಕೂರಬೇಡಿ, ಅಂಥ ಒಪ್ಪಂದವನ್ನು ಆ ಕಾನೂನು ವ್ಯಾಪ್ತಿ ಮಾನ್ಯ ಮಾಡುತ್ತದೆಯೇ ಎಂದೂ ನೋಡಿಕೊಳ್ಳಿ.

ಪುರಾವೆಯ ಹೊರೆ ಇನ್ನೊಂದು ಗೋಡೆ. ಟ್ರಸ್ಟಿಗಳ ಕರ್ತವ್ಯಲೋಪದ ದಾವೆಯೊಂದರಲ್ಲಿ 2014ರಲ್ಲಿ ಅಮೆರಿಕದ ಎರಡನೇ ಸರ್ಕೀಟ್ ಮೇಲ್ಮನವಿ ನ್ಯಾಯಾಲಯ, ಉಲ್ಲಂಘನೆಯನ್ನು ಸಾಲವಾರಾಗಿ, ಟ್ರಸ್ಟ್‌ವಾರಾಗಿ ತೋರಿಸಬೇಕು ಎಂದಿತು. ಮರುಖರೀದಿಯ ನೋಟಿಸ್ ಕೂಡ ಪ್ರತ್ಯೇಕ ಸಾಲಗಳನ್ನು ಗುರುತಿಸಿ ಕೊಡಬೇಕು ಎಂದು ನ್ಯೂಯಾರ್ಕ್ 2022ರಲ್ಲಿ ಹೇಳಿತು. ಒಂದು ಮಾದರಿ ತೆಗೆದು ಇಡೀ ಗುಂಪಿಗೆ ಅನ್ವಯಿಸುವ ಆಸೆ ಇದ್ದರೂ, ನೋಟಿಸ್ ಹಂತದಲ್ಲಿ ಸಾಲದ ಸಂಖ್ಯೆ, ಉಲ್ಲಂಘನೆಯಾದ ಖಾತರಿ, ಆಧಾರ ಮತ್ತು ಹೂಡಿಕೆದಾರರ ಮೇಲಾದ ಪರಿಣಾಮವನ್ನು ಸಾಲುಸಾಲಾಗಿ ಬರೆಯುವುದೇ ಸುರಕ್ಷಿತ. ಸಾಲಗಾರರ ವೈಯಕ್ತಿಕ ಮಾಹಿತಿಯನ್ನು ತಜ್ಞರೊಂದಿಗೆ ಹಂಚಿಕೊಳ್ಳುವಾಗ ದತ್ತಾಂಶ ರಕ್ಷಣೆಯ ಕಾನೂನನ್ನು ಗಮನಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಮೌಲ್ಯಮಾಪಕರ ಮೇಲಿನ ದಾವೆಗಳಲ್ಲಿ ದಾವೆ ಹೂಡುವ ಹಕ್ಕು ವಿಶೇಷ ಉದ್ದೇಶದ ಸಂಸ್ಥೆಗೋ ಹೂಡಿಕೆದಾರರಿಗೋ ಎಂಬ ಪ್ರಶ್ನೆ ಮೊದಲು ಬರುತ್ತದೆ, ಏಕೆಂದರೆ ಸೀಮಿತ ವಸೂಲಿ ಹಕ್ಕಿನ (ಸಂಸ್ಥೆಯ ಕೈಗೆ ಬಂದಷ್ಟನ್ನೇ ಹೂಡಿಕೆದಾರರು ಕೇಳಬಹುದೆಂಬ ಷರತ್ತಿನ) ಕಾರಣ ಸಂಸ್ಥೆಗೆ ತನ್ನದೇ ನಷ್ಟವಿಲ್ಲ ಎಂಬ ವಾದ ಏಳುತ್ತದೆ. ನ್ಯೂರೆಂಬರ್ಗ್‌ನ ಕಟ್ಟಡವೊಂದಕ್ಕೆ 13.5 ಕೋಟಿ ಯೂರೋ ಬೆಲೆ ಕಟ್ಟಿದ ಬಗ್ಗೆ ಟೈಟಾನ್ ಯುರೋಪ್ 2006-3 ಎಂಬ ವಿಶೇಷ ಉದ್ದೇಶದ ಸಂಸ್ಥೆ ಹೂಡಿದ ದಾವೆಯಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಸರಿಯಾದ ಬೆಲೆ 10.3 ಕೋಟಿ ಎಂದಿತ್ತು. ಸಂಸ್ಥೆಗೆ ದಾವೆಯ ಹಕ್ಕಿದೆ ಎಂಬುದು ಉಳಿಯಿತಾದರೂ, 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂಲ ಬೆಲೆ ಅನುಮತಿಸಬಹುದಾದ ಅಂತರದೊಳಗೇ ಇದೆಯೆಂದು ಪರಿಹಾರವನ್ನು ರದ್ದುಮಾಡಿತು. ಸಂಖ್ಯೆಗಳ ಅಂತರ ಎಷ್ಟು ದೊಡ್ಡದಾಗಿ ಕಂಡರೂ ತಜ್ಞರ ಸಾಕ್ಷ್ಯ ಗಟ್ಟಿಯಿಲ್ಲದೆ ಈ ದಾರಿ ಹಿಡಿಯುವುದು ಉಚಿತವಲ್ಲ.

ಸ್ವಾಪ್, ದಿವಾಳಿ ಮತ್ತು ಎರಡು ದೇಶಗಳ ಕಾನೂನು

ಸ್ವಾಪ್ ಅರ್ಧದಲ್ಲಿ ಕೊನೆಗೊಂಡಾಗ ಅದನ್ನು ಕೊಟ್ಟ ಬ್ಯಾಂಕಿಗೆ ಬರಬೇಕಾದ ಮುಕ್ತಾಯ ಮೊತ್ತ ಸಾಮಾನ್ಯವಾಗಿ ಹೂಡಿಕೆದಾರರಿಗಿಂತ ಮೇಲಿನ ಸ್ಥಾನದಲ್ಲಿರುತ್ತದೆ. ಆ ಬ್ಯಾಂಕೇ ಸುಸ್ತಿಯಾದರೆ ಅದರ ಸ್ಥಾನ ಕೆಳಗಿಳಿಯುತ್ತದೆ ಎಂಬ ಷರತ್ತೂ ಇರುತ್ತದೆ. ಲೀಮನ್ ಕುಸಿದಾಗ ಈ ಷರತ್ತಿನ ಬಗ್ಗೆ ಒಂದೇ ವಾಸ್ತವಾಂಶದ ಮೇಲೆ ಎರಡು ಉತ್ತರ ಬಂದವು. ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯ 2010ರ ಜನವರಿಯಲ್ಲಿ ಅದು ಜಾರಿಗೆ ಯೋಗ್ಯವಲ್ಲ ಎಂದಿತು; ಬ್ರಿಟನ್ನಿನ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬೆಲ್ಮಾಂಟ್ ಪ್ರಕರಣದಲ್ಲಿ, ಸದ್ಭಾವನೆಯ ವಾಣಿಜ್ಯ ಒಪ್ಪಂದವಾದ್ದರಿಂದ ಸಿಂಧು ಎಂದಿತು. ನಡುವೆ ನಿಂತ ಟ್ರಸ್ಟಿ ಒಂದನ್ನು ಪಾಲಿಸಿದರೆ ಇನ್ನೊಂದನ್ನು ಮೀರಬೇಕಾದ ಸ್ಥಿತಿ. 2016ರಲ್ಲಿ ಅದೇ ನ್ಯೂಯಾರ್ಕ್ ದಿವಾಳಿ ನ್ಯಾಯಾಲಯದ ಇನ್ನೊಬ್ಬ ನ್ಯಾಯಾಧೀಶರು ಬೇರೆ ವ್ಯವಹಾರಗಳ ಗುಂಪಿನಲ್ಲಿ ಹೂಡಿಕೆದಾರರ ಪರ ತೀರ್ಮಾನಿಸಿದರು, 2020ರಲ್ಲಿ ಎರಡನೇ ಸರ್ಕೀಟ್ ಅದನ್ನು ಎತ್ತಿಹಿಡಿಯಿತು. ಹತ್ತು ವರ್ಷಗಳ ಅನಿಶ್ಚಿತತೆಯ ಈ ಕಥೆಯಿಂದ ತಿಳಿಯಬೇಕಾದದ್ದು, ಎದುರು ಪಕ್ಷ ಯಾವ ದೇಶದಲ್ಲಿ ದಿವಾಳಿಯಾಗಬಹುದು ಎಂಬುದು ಒಪ್ಪಂದದಲ್ಲಿ ಬರೆದ ಅನ್ವಯ ಕಾನೂನಿನಷ್ಟೇ ಮುಖ್ಯ.

ವಿಶೇಷ ಉದ್ದೇಶದ ಸಂಸ್ಥೆ ದಿವಾಳಿಯಿಂದ ದೂರ ಎಂದು ಹೇಳುವುದುಂಟು. ದೂರವೇ ಹೊರತು ದಿವಾಳಿ ಅದಕ್ಕೆ ತಟ್ಟುವುದೇ ಇಲ್ಲವೆಂದಲ್ಲ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಲ್ ಕಂಪನಿ ಜನರಲ್ ಗ್ರೋತ್ ಪ್ರಾಪರ್ಟೀಸ್ ತನ್ನೊಂದಿಗೆ ಆಸ್ತಿವಾರು ಹುಟ್ಟುಹಾಕಿದ್ದ ನೂರಕ್ಕೂ ಹೆಚ್ಚು ಸಂಸ್ಥೆಗಳನ್ನು ದಿವಾಳಿ ಪ್ರಕ್ರಿಯೆಗೆ ತಂದಿತು, ಅವುಗಳಲ್ಲಿ ಹಲವು ತಮ್ಮ ಸಾಲವನ್ನು ಸರಿಯಾಗಿ ಕಟ್ಟುತ್ತಿದ್ದವು. ಅರ್ಜಿಗೆ ಮುಂಚೆ, ಅದಕ್ಕೆ ಒಪ್ಪಿಗೆ ಕೊಡಬೇಕಾದ ಸ್ವತಂತ್ರ ನಿರ್ದೇಶಕರನ್ನು ಕೆಲವು ಸಂಸ್ಥೆಗಳಲ್ಲಿ ಬದಲಾಯಿಸಲಾಗಿತ್ತು. ಸಾಲದಾತರ ಆಕ್ಷೇಪವನ್ನು ನ್ಯಾಯಾಲಯ ಒಪ್ಪಲಿಲ್ಲ. ಸ್ವತಂತ್ರ ನಿರ್ದೇಶಕರ ನೇಮಕ ಮತ್ತು ವಜಾಕ್ಕೆ ಮುಂಚಿತ ನೋಟಿಸ್ ಕಡ್ಡಾಯವೇ ಎಂದು ನಿಮ್ಮ ದಾಖಲೆಗಳಲ್ಲಿ ಇವತ್ತೇ ನೋಡಿ.

ಸರ್ವಿಸರ್ ಬದಲಾವಣೆ ಮತ್ತು ಉಳಿದ ಸಮಯ

ಕಾಗದದ ಮೇಲೆ ಸರ್ವಿಸರ್ ಅನ್ನು ಬದಲಾಯಿಸುವುದು ಒಂದು ನೋಟಿಸ್‌ನ ಕೆಲಸ. ವಾಸ್ತವದಲ್ಲಿ ಹಳೆಯ ಸಾಲಗಳಿಗೆ ಹೊಸ ಸರ್ವಿಸರ್ ಸಿಗುವುದೇ ಕಷ್ಟ, ಏಕೆಂದರೆ ಒಪ್ಪಂದದಲ್ಲಿ ಬರೆದ ಶುಲ್ಕ ಒಳ್ಳೆಯ ದಿನಗಳಿಗೆ ಹೊಂದುವಂಥದ್ದು, ಸುಸ್ತಿ ಸಾಲಗಳ ವಸೂಲಿಗೆ ಅದು ಸಾಲದು. ಶುಲ್ಕ ಏರಿಸಲು ಆದ್ಯತೆಯ ಕ್ರಮಕ್ಕೆ ತಿದ್ದುಪಡಿ ಬೇಕು, ತಿದ್ದುಪಡಿಗೆ ಸಾಲಪತ್ರದಾರರ ಸಭೆ ಬೇಕು. ವಜಾ ನೋಟಿಸ್ ಕೊಡುವ ಮುನ್ನ ಹೊಸಬರ ಒಪ್ಪಿಗೆ, ದತ್ತಾಂಶದ ಪೂರ್ಣ ಪ್ರತಿ, ಸಾಲಗಾರರಿಗೆ ಕಳುಹಿಸಬೇಕಾದ ಪಾವತಿ ಬದಲಾವಣೆಯ ಪತ್ರ ಮತ್ತು ಬ್ಯಾಂಕ್ ಖಾತೆಯಿಂದ ಕಂತು ಕಡಿತದ ಹೊಸ ಆದೇಶಗಳು ಸಿದ್ಧವಾಗಿರಬೇಕು. ಹಳೆಯ ಸರ್ವಿಸರ್ ಅಸಹಕಾರ ತೋರಿದರೆ ಮೊದಲ ತಿಂಗಳ ವಸೂಲಿ ಕುಸಿಯುತ್ತದೆ, ಅದು ಮತ್ತೆ ಮೇಲೇಳುವುದಕ್ಕೆ ಹಲವು ತಿಂಗಳು ಹಿಡಿಯಬಹುದು.

ವಾಣಿಜ್ಯ ಅಡಮಾನಗಳಲ್ಲಿ ಸಾಲದ ಗಡುವು ಮತ್ತು ಸಾಲಪತ್ರಗಳ ಅಂತಿಮ ಗಡುವಿನ ನಡುವೆ ಎರಡು ಮೂರು ವರ್ಷಗಳ ಅಂತರವಿಟ್ಟಿರುತ್ತಾರೆ, ವಸೂಲಾತಿಗೆ ಸಮಯ ಸಿಗಲೆಂದು. ಸಾಲದ ಅವಧಿಯನ್ನು ಒಮ್ಮೆ ವಿಸ್ತರಿಸಿದರೆ ಆ ಅಂತರ ಕರಗುತ್ತದೆ. ಸಾಲಗಾರರೊಂದಿಗೆ ವಿಸ್ತರಣೆಯ ಮಾತಾಡುವವರು ಆ ದೇಶದಲ್ಲಿ ಹರಾಜಿಗೆ ನಿಜವಾಗಿ ಎಷ್ಟು ತಿಂಗಳು ಹಿಡಿಯುತ್ತದೆ ಎಂದು ತಿಳಿದುಕೊಂಡು, ಅದಕ್ಕೆ ಮೇಲ್ಮನವಿಯ ಸಮಯವನ್ನೂ ಸೇರಿಸಿ, ಉಳಿದದ್ದನ್ನಷ್ಟೇ ಬಿಟ್ಟುಕೊಡಬೇಕು.

ರಾಜಿ

ಬಹುತೇಕ ವ್ಯಾಜ್ಯಗಳು ತೀರ್ಪಿಗೆ ಮುಂಚೆ ರಾಜಿಯಾಗುತ್ತವೆ, ಹಾಗಾಗುವುದೇ ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಖರ್ಚೆಲ್ಲವೂ ಆದ್ಯತೆಯ ಕ್ರಮದ ಮೇಲ್ತುದಿಯಲ್ಲಿ ನಿಂತು ಕೆಳಗಿನವರ ಪಾಲನ್ನು ತಿನ್ನುತ್ತದೆ. ಅಮೆರಿಕದ ಗೃಹಸಾಲ ಕಂಪನಿ ಕಂಟ್ರಿವೈಡ್ ವ್ಯವಹಾರಗಳಲ್ಲಿ 22 ಸಾಂಸ್ಥಿಕ ಹೂಡಿಕೆದಾರರ ಒತ್ತಾಯದಿಂದ 530 ಟ್ರಸ್ಟ್‌ಗಳ ಪರವಾಗಿ ಬ್ಯಾಂಕ್ ಆಫ್ ನ್ಯೂಯಾರ್ಕ್ ಮೆಲನ್ 2011ರ ಜೂನ್‌ನಲ್ಲಿ 850 ಕೋಟಿ ಡಾಲರ್ ರಾಜಿಗೆ ಬಂದಿತು. ಒಪ್ಪದ ಹೂಡಿಕೆದಾರರಿದ್ದುದರಿಂದ ಟ್ರಸ್ಟಿ ನ್ಯಾಯಾಲಯದ ಅನುಮೋದನೆ ಕೇಳಿದರು. ವಿಚಾರಣಾ ನ್ಯಾಯಾಲಯ 2014ರ ಜನವರಿಯಲ್ಲಿ ಬಹುಪಾಲು ಒಪ್ಪಿತು, ಮೇಲ್ಮನವಿಯಲ್ಲಿ 2015ರ ಮಾರ್ಚ್‌ನಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ರಾಜಿಯಾದ ಮೇಲೂ ಅನುಮೋದನೆಗೆ ನಾಲ್ಕು ವರ್ಷ ಬೇಕಾಗಬಹುದೆಂದು ನಿಮ್ಮ ಕಕ್ಷಿದಾರರಿಗೆ ಮೊದಲೇ ಹೇಳಿ.

ಅಷ್ಟಾದ ಮೇಲೂ ಕೆಲವು ಟ್ರಸ್ಟ್‌ಗಳಲ್ಲಿ ಹೊಸ ಪ್ರಶ್ನೆ ಎದ್ದು 2016ರಲ್ಲಿ ಮತ್ತೆ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ಬಂದ ಹಣವನ್ನು ಮೊದಲು ಹಂಚಿ ಆಮೇಲೆ, ಹಿಂದೆ ನಷ್ಟಕ್ಕಾಗಿ ಕಡಿತಗೊಳಿಸಿದ್ದ ಸಾಲಪತ್ರಗಳ ಅಸಲನ್ನು ಮೇಲೇರಿಸಬೇಕೇ, ಅಥವಾ ಮೊದಲು ಅಸಲನ್ನು ಏರಿಸಿ ನಂತರ ಹಂಚಬೇಕೇ ಎಂಬುದು ಆ ಪ್ರಶ್ನೆ. ಕ್ರಮ ಬದಲಾದರೆ ಹಣ ಬೇರೆ ವರ್ಗದ ಕೈ ಸೇರುತ್ತದೆ. ಆದ್ದರಿಂದ ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ, ಆ ಮೊತ್ತವನ್ನು ಅಸಲಿನ ವಸೂಲಿಯೆಂದು ಪರಿಗಣಿಸಬೇಕೋ ಬಡ್ಡಿಯೆಂದೋ, ಯಾವ ದಿನಾಂಕದ ಬಾಕಿಯ ಆಧಾರದಲ್ಲಿ ಹಂಚಬೇಕು, ಅಸಲು ಏರಿಕೆ ಹಂಚಿಕೆಗೆ ಮುಂಚೆಯೋ ನಂತರವೋ ಎಂಬುದನ್ನು ಒಂದು ಉದಾಹರಣೆ ಲೆಕ್ಕದೊಂದಿಗೆ ಪತ್ರದ ಅನುಬಂಧದಲ್ಲಿ ಬರೆಸಿ, ನಗದು ವ್ಯವಸ್ಥಾಪಕರಿಂದ ಆ ಲೆಕ್ಕಕ್ಕೆ ಒಪ್ಪಿಗೆ ಪಡೆದುಕೊಳ್ಳಿ.